ಕಂಡದ್ದು ಎಡಕ್ಕೆ, ಅಂದುಕೊಂಡದ್ದು ಬಲಕ್ಕೆ

ಪುಟದ ನಡುವೆ ಸ್ಕೇಲ್ ಇಟ್ಟು ಒಂದು ಗೆರೆ ಎಳೀರಿ ಅಂದರು ಮೇಡಂ. ಎಡಗಡೆ ನೀವು ಕಂಡದ್ದು, ಬಲಗಡೆ ನೀವು ಅಂದುಕೊಂಡದ್ದು. ಎರಡೂ ಬೆರೆಯಬಾರದು. ಅವತ್ತಿನ ಪಾಠ ಅಷ್ಟೇ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ. ನಮ್ಮ ಸಮುದಾಯ ವಿಜ್ಞಾನ ಕಾಲೇಜಿಗೆ ಸೇರಿದ ಪುಟ್ಟ ನರ್ಸರಿ ಶಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ತೊಡೆಯ ಮೇಲೆ ರೆಕಾರ್ಡ್ ಪುಸ್ತಕ. ನನ್ನ ಪಾಲಿಗೆ ಬಂದದ್ದು ಮೂರೂವರೆ ವರ್ಷದ ಒಬ್ಬ ಹುಡುಗ. ಹದಿನೈದು ನಿಮಿಷ ಅವನೊಬ್ಬನನ್ನೇ ನೋಡಬೇಕು. ನಾನು ಎಡಗಡೆ ಬರೆದ ಮೊದಲ ಸಾಲು: "ಮಗು ತುಂಬಾ ಹಠ ಮಾಡುತ್ತಿದೆ."

ಮೇಡಂ ಬಂದು ಓದಿದರು. "ಹಠ ಕಣ್ಣಿಗೆ ಕಾಣಿಸ್ತಾ? ಎಲ್ಲಿತ್ತು ಅದು?" ಅಂದರು. ಬೈಯುವ ದನಿ ಅಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಮತ್ತೆ ನೋಡಿದೆ. ಹುಡುಗ ಬಾಗಿಲ ಪಕ್ಕ ಕೂತಿದ್ದ. ಒಂದು ಚಪ್ಪಲಿ ಬಿಚ್ಚಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಟಿಫಿನ್ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ಟೀಚರ್ ಬಾಗಿಲು ಮುಚ್ಚಿದರು. ಅವನು ಅತ್ತ. ಯಾರೋ ಒಳಗೆ ಬರಲು ಬಾಗಿಲು ತೆಗೆದರು. ಅಳು ನಿಂತಿತು.

ಹಠ ಬಲಗಡೆಗೆ ಹೋಯಿತು.

ಐದು ದಿನ ಹಾಗೇ ಕೂತು ಬರೆದೆ. ಅಳು ಶುರುವಾದ ಹೊತ್ತು, ನಿಂತ ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು. ಒಟ್ಟು ಹನ್ನೊಂದು ಸಲ ಅತ್ತಿದ್ದ. ಅದರಲ್ಲಿ ಒಂಬತ್ತು ಸಲ ಬಾಗಿಲು ಮುಚ್ಚಿದ ಬೆನ್ನಿಗೇ. ಆರನೇ ದಿನ ಟೀಚರ್ ಬಾಗಿಲಿಗೆ ಒಂದು ಸ್ಟೂಲ್ ಅಡ್ಡ ಇಟ್ಟು, ಮುಚ್ಚದ ಹಾಗೆ ಮಾಡಿದರು. ಅವನು ಎರಡೂ ಚಪ್ಪಲಿ ಬಿಚ್ಚಿ ಒಳಗೆ ಬಂದ. ಮರದ ಬ್ಲಾಕುಗಳ ಹತ್ತಿರ ಕೂತ. ಮುಚ್ಚಿದ ಬಾಗಿಲು ಅಂದರೆ ಅವನಿಗೆ ಯಾಕೆ ಅಷ್ಟು ಭಯ ಅಂತ ಕೊನೆಗೂ ಗೊತ್ತಾಗಲಿಲ್ಲ. ಬಲಗಡೆ ನಾಲ್ಕು ಊಹೆ ಬರೆದಿದ್ದೆ. ನಾಲ್ಕೂ ಅಲ್ಲೇ ಉಳಿದವು.

ಈ ಓದಿಗೆ ನಾನು ಬಯಸಿ ಬಂದವಳಲ್ಲ. ಸಿಇಟಿ ಬರೆದಾಗ ಬೇಕಿದ್ದದ್ದು ಬಿಎಸ್ಸಿ ಅಗ್ರಿ. ಕೃಷಿಕರ ಮಕ್ಕಳ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಅಪ್ಪ ಹಿಂದಿನ ರಾತ್ರಿ ಮೊರದ ತುಂಬ ಕಾಳು ಹರಡಿ, ಯಾವುದು ಯಾವ ಬೀಜ ಅಂತ ಗುರುತು ಹಿಡಿಸಿದ್ದರು. ಆ ಪರೀಕ್ಷೆ ಚೆನ್ನಾಗೇ ಆಯಿತು. ಆದರೂ ರ್‍ಯಾಂಕ್ ಸಾಲಲಿಲ್ಲ. ಆಪ್ಷನ್ ಪಟ್ಟಿಯಲ್ಲಿ ಕೆಳಗೆ ಸುಮ್ನೆ ಹಾಕಿದ್ದ ಸಮುದಾಯ ವಿಜ್ಞಾನ ಸಿಕ್ಕಿತು. ಹಿಂದೆ ಇದನ್ನೇ ಗೃಹ ವಿಜ್ಞಾನ ಅನ್ನುತ್ತಿದ್ದರು. ಅಡುಗೆ ಕಲಿಯೋಕೆ ನಾಲ್ಕು ವರ್ಷ ಬೇಕಾ ಅಂತ ಕೇಳಿದವರು ಬಹಳ ಜನ. ಅವರಿಗೆ ಉತ್ತರ ಕೊಡೋಕೆ ಆಗ ನನಗೂ ಗೊತ್ತಿರಲಿಲ್ಲ.

ನಮ್ಮ ಕಾಲೇಜು ಶುರುವಾದದ್ದು 1974ರಲ್ಲಿ, ಗ್ರಾಮೀಣ ಗೃಹ ವಿಜ್ಞಾನ ಅನ್ನುವ ಹೆಸರಿನಲ್ಲಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೇ ಬಂದದ್ದು ಆಮೇಲೆ, 1986ರಲ್ಲಿ. ಆಹಾರ ಮತ್ತು ಪೋಷಣೆ, ಬಟ್ಟೆ, ಮನೆಯ ಸಂಪನ್ಮೂಲ, ಕಲಿತದ್ದನ್ನು ಜನರಿಗೆ ಮುಟ್ಟಿಸುವ ವಿಸ್ತರಣೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದುತ್ತೇವೆ. ಎಂಎಸ್ಸಿಗೆ ನಾನು ಆರಿಸಿಕೊಂಡದ್ದು ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ. ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ, ಮನೆಯವರು ಒಬ್ಬರಿಗೊಬ್ಬರು ಏನಾಗುತ್ತಾರೆ, ಆ ಮನೆ ಕಷ್ಟಕ್ಕೆ ಸಿಕ್ಕಾಗ ಹೊರಗಿನವರು ಏನು ಮಾಡಬಹುದು ಅನ್ನುವುದರ ಓದು.

ಈ ವಿಷಯದ ಬೇರು ಒಲೆಯ ಹತ್ತಿರ ಇಲ್ಲ ಅಂತ ತಿಳಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಅದನ್ನು ಶುರುಮಾಡಿದವರಲ್ಲಿ ಮುಖ್ಯರಾದ ಎಲೆನ್ ಸ್ವಾಲೋ ರಿಚರ್ಡ್ಸ್ ಒಬ್ಬ ರಸಾಯನ ವಿಜ್ಞಾನಿ. ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಗೆ ಸೇರಿದ ಮೊದಲ ಹೆಂಗಸು. ಮ್ಯಾಸಚೂಸೆಟ್ಸ್‌ನ ನೀರನ್ನು ತಂದು ಪರೀಕ್ಷೆ ಮಾಡಿದವರು. ಮನೆಯೊಳಗೆ ಬರುವ ನೀರಿನಲ್ಲಿ, ಆಹಾರದಲ್ಲಿ ಏನಿದೆ ಅಂತ ಮನೆಯವರಿಗೆ ಗೊತ್ತಿರಬೇಕು ಅನ್ನುವುದು ಅವರ ಹಟ. 1899ರಲ್ಲಿ ಲೇಕ್ ಪ್ಲಾಸಿಡ್ ಅನ್ನುವ ಊರಿನಲ್ಲಿ ಅವರು ಮತ್ತು ಜೊತೆಗಾರರು ಸೇರಿ ಈ ಓದಿಗೊಂದು ರೂಪ ಕೊಡೋಕೆ ಶುರು ಮಾಡಿದರು. ನಮ್ಮಲ್ಲಿ 1932ರಲ್ಲಿ ಈ ವಿಷಯ ಕಲಿಸುವ ದೆಹಲಿಯ ಲೇಡಿ ಇರ್ವಿನ್ ಕಾಲೇಜು ಬಂತು. 1950ರಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಗೃಹ ವಿಜ್ಞಾನ ವಿಭಾಗ ತೆರೆದಾಗ ಅಲ್ಲಿ ಕುಲಪತಿಯಾಗಿದ್ದವರು ಹಂಸಾ ಮೆಹ್ತಾ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ 'ಎಲ್ಲ ಪುರುಷರೂ' ಅಂತ ಓದಿಕೊಳ್ಳಬಹುದಾಗಿದ್ದ ಮಾತನ್ನು 'ಎಲ್ಲ ಮನುಷ್ಯರೂ' ಅಂತ ಬದಲಿಸಲು ಪಟ್ಟು ಹಿಡಿದವರು ಅವರೇ.

ಇನ್ನು ನನ್ನ ಅಜ್ಜಿಯ ವಿಷಯ. ಈ ಓದು ನನ್ನದಾದದ್ದೇ ಅವಳಿಂದ.

ಎಂಎಸ್ಸಿ ಮೊದಲ ವರ್ಷ ಜೀನೋಗ್ರಾಮ್ ಬರೆಯೋಕೆ ಹೇಳಿದರು. ಮೂರು ತಲೆಮಾರಿನ ಕುಟುಂಬದ ನಕ್ಷೆ ಅದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡವರ ಗುರುತಿನೊಳಗೆ ಗುಣಿಸು ಚಿಹ್ನೆ. ಮದುವೆಗೆ ಅಡ್ಡಗೆರೆ. ಜಗಳವಿದ್ದರೆ ಅಂಕುಡೊಂಕು ಗೆರೆ, ಮಾತುಕತೆ ಕಡಿಮೆ ಇದ್ದರೆ ಚುಕ್ಕಿಗೆರೆ. ಆಸ್ಪತ್ರೆಯ ಕೌನ್ಸೆಲಿಂಗ್‌ನಲ್ಲಿ ಒಂದು ಮನೆಯ ಕತೆಯನ್ನು ಒಂದೇ ಹಾಳೆಯಲ್ಲಿ ನೋಡೋಕೆ ಇದನ್ನು ಬಳಸುತ್ತಾರೆ. ಮೊದಲು ನಿಮ್ಮ ಮನೆಯದೇ ಬರೀರಿ ಅಂದರು.

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅಜ್ಜಿಗೆ ಫೋನ್ ಮಾಡಿದೆ. ಅಮ್ಮನ ಅಮ್ಮ. ಹಾವೇರಿ ಕಡೆಯ ಊರು. ನಿನಗೆ ಮಕ್ಕಳೆಷ್ಟು ಅಂತ ಲೆಕ್ಕಕ್ಕೆ ಕೇಳಿದೆ. ಐದು ಅಂತ ನನಗೆ ಗೊತ್ತೇ ಇತ್ತು. ಸುಮ್ನೆ ಮಾತು ಶುರು ಮಾಡೋಕೆ ಕೇಳಿದ್ದು.

"ಬದುಕಿದವ್ರೋ, ಹುಟ್ಟಿದವ್ರೋ?" ಅಂದಳು ಅಜ್ಜಿ.

ಆಗ ನನಗೆ ಇಪ್ಪತ್ತೆರಡು ವರ್ಷ. ಪ್ರತಿ ಬೇಸಿಗೆ ರಜೆಯನ್ನೂ ಅವಳ ಮನೆಯಲ್ಲಿ ಕಳೆದಿದ್ದೇನೆ. ಆ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಹುಟ್ಟಿದವರು ಏಳು. ಒಬ್ಬ ಹುಡುಗ ಎರಡು ವರ್ಷದವನಿದ್ದಾಗ ದಡಾರದಲ್ಲಿ ಹೋದ. ಒಂದು ಹೆಣ್ಣು ಕೂಸು ಹನ್ನೊಂದು ದಿನ ಇತ್ತು. "ಆರಿದ್ರಿ ಮಳಿ ಹಿಡದಿತ್ತು. ಹೊರಗ ಹೋಗಾಕ ದಾರಿ ಇರಲಿಲ್ಲ," ಅಂದಳು. ತಾರೀಕು ಗೊತ್ತಿಲ್ಲ, ಇಸವಿ ಗೊತ್ತಿಲ್ಲ. ಮಳೆ ಗೊತ್ತು. ಹೆಸರೇನು ಅಂತ ಕೇಳಿದೆ. "ಹೆಸರ ಇಡಾಕ ಇನ್ನೂ ದಿನ ಬಂದಿರಲಿಲ್ಲ."

ಹಾಳೆಯ ಮೇಲೆ ಒಂದು ಸಣ್ಣ ವೃತ್ತ ಬರೆದು ಒಳಗೆ ಗುಣಿಸು ಚಿಹ್ನೆ ಹಾಕಿದೆ. ಎಲ್ಲ ಗುರುತಿನ ಕೆಳಗೂ ಹೆಸರಿದೆ. ಅದರ ಕೆಳಗೆ ಮಾತ್ರ ಖಾಲಿ.

ಅದೇ ಹಾಳೆಯಲ್ಲಿ ಇನ್ನೊಂದು ತೊಡಕು ಬಂತು. ನನ್ನ ದೊಡ್ಡಮ್ಮನನ್ನು ಕೊಟ್ಟಿರೋದು ಅಜ್ಜಿಯ ತಮ್ಮನಿಗೆ. ಅಂದರೆ ಅವರು ನಮ್ಮಮ್ಮನಿಗೆ ಸೋದರಮಾವ, ನನಗೆ ದೊಡ್ಡಪ್ಪ. ಅಜ್ಜಿಗೆ ತಮ್ಮನೂ ಹೌದು, ಅಳಿಯನೂ ಹೌದು. ಅವರ ಚೌಕವನ್ನು ಮೇಲಿನ ಸಾಲಿನಲ್ಲಿ ಬರೆಯಲಾ, ಕೆಳಗಿನ ಸಾಲಿನಲ್ಲಿ ಬರೆಯಲಾ? ಎರಡು ಕಡೆ ಬರೆದರೆ ಒಬ್ಬ ಮನುಷ್ಯ ಇಬ್ಬರಾಗುತ್ತಾನೆ. ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ ಎಳೆಯಬೇಕು ಅಂತ ಪುಸ್ತಕದಲ್ಲಿತ್ತು. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓರೆಯಾಗಿ ಜೋಡಿ ಗೆರೆ ಎಳೆದೆ. ಕ್ಲಾಸಿನಲ್ಲಿ ನೋಡಿದರೆ ಇನ್ನೂ ಐದಾರು ಜನರ ಹಾಳೆಯಲ್ಲಿ ಅದೇ ಓರೆಗೆರೆ.

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ಇದನ್ನು ಬರೆದಿದ್ದಾರೆ. ದಕ್ಷಿಣದಲ್ಲಿ ಹೆಣ್ಣು ಮದುವೆಯಾಗಿ ಹೋಗುವುದು ಹೆಚ್ಚಾಗಿ ಗೊತ್ತಿದ್ದವರ ಮನೆಗೇ, ಉತ್ತರದಲ್ಲಿ ಅಪರಿಚಿತರ ಮನೆಗೆ ಅಂತ. ನಮ್ಮ ಭಾಷೆಯಲ್ಲೇ ಅದು ಅಡಗಿ ಕೂತಿದೆ. ತಾಯಿಯ ಅಣ್ಣತಮ್ಮಂದಿರೂ ಮಾವ, ಗಂಡನ ಅಪ್ಪನೂ ಮಾವ. ಅಪ್ಪನ ಅಕ್ಕತಂಗಿಯರೂ ಅತ್ತೆ, ಗಂಡನ ಅಮ್ಮನೂ ಅತ್ತೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಣ್ಣತಂಗಿ, ಅತ್ತೆ ಮಾವನ ಮಕ್ಕಳು ಹಾಗಲ್ಲ. ನಾವು ಓದುವ ಪಠ್ಯಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಇವರೆಲ್ಲ ಅಂಕಲ್, ಆಂಟಿ, ಕಸಿನ್. ಆ ಪದಗಳಲ್ಲಿ ನನ್ನ ಅಜ್ಜಿಯ ಮನೆ ಬರೆಯೋಕೆ ಆಗೋದಿಲ್ಲ. ಈ ಮದುವೆಗಳಿಂದ ಮಕ್ಕಳ ಆರೋಗ್ಯಕ್ಕೆ ಆಗಬಹುದಾದ ತೊಂದರೆಯನ್ನೂ ನಾವು ಓದುತ್ತೇವೆ, ಹಳ್ಳಿಗೆ ಹೋಗಿ ಹೇಳುತ್ತೇವೆ. ಹೇಳಲೇಬೇಕು. ಆದರೆ ಅಜ್ಜಿಗೆ ತನ್ನ ಮಗಳು ಕಣ್ಣಳತೆಯಲ್ಲೇ ಇದ್ದಳು, ಬಾಣಂತನಕ್ಕೆ ಬಸ್ಸು ಹತ್ತಬೇಕಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಅದನ್ನು ಕೇಳಿಸಿಕೊಳ್ಳದೆ ಹೇಳಿದ ಬುದ್ಧಿಮಾತು ಯಾರ ಕಿವಿಗೂ ಹೋಗೋದಿಲ್ಲ.

ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಬ್ರಾನ್‌ಫೆನ್‌ಬ್ರೆನ್ನರ್ ಅವರ ವೃತ್ತಗಳನ್ನು ಈ ವಿಷಯ ಓದಿದವರೆಲ್ಲ ಬರೆದಿರುತ್ತಾರೆ. ಮಾಸ್ಕೋದಲ್ಲಿ ಹುಟ್ಟಿ, ಕಾರ್ನೆಲ್‌ನಲ್ಲಿ ಪಾಠ ಮಾಡಿದವರು. ನಡುವೆ ಮಗು. ಸುತ್ತ ಮನೆ, ಶಾಲೆ. ಅದರಾಚೆ, ಮಗು ಯಾವತ್ತೂ ಕಾಲಿಡದ, ಆದರೆ ಮಗುವನ್ನು ಮುಟ್ಟುವ ಜಾಗಗಳು. ಆಚೆಯ ಆ ವೃತ್ತ ನನಗೆ ಅರ್ಥವಾದದ್ದು ನನ್ನ ರೂಮ್‌ಮೇಟಿನಿಂದ. ಅವಳು ಬೆಳಗಾವಿ ಕಡೆಯವಳು. ಪ್ರತಿ ವರ್ಷ ಮೆಸ್ ಫೀಸಿನ ಹೊತ್ತಿಗೆ ಅವಳ ಬಾಯಲ್ಲಿ ಒಂದೇ ಮಾತು: "ಕಬ್ಬಿನ ಬಿಲ್ ಇನ್ನಾ ಬಂದಿಲ್ಲ." ಕಬ್ಬು ಕಾರ್ಖಾನೆಗೆ ಹೋದ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅವರಪ್ಪನಿಗೆ ತಿಂಗಳುಗಟ್ಟಲೆ ಆಗುತ್ತಿತ್ತು. ಅವಳ ತಮ್ಮ ಆ ಕಾರ್ಖಾನೆಯ ಗೇಟನ್ನೂ ನೋಡಿರಲಿಲ್ಲ. ಆದರೆ ಒಂದು ವರ್ಷ ಅವನ ಟ್ಯೂಷನ್ ನಿಂತದ್ದು ಅದೇ ಗೇಟಿನಿಂದ. ಆ ವರ್ಷ ಪರೀಕ್ಷೆಯಲ್ಲಿ ನಾನು ಅದನ್ನೇ ಉದಾಹರಣೆಯಾಗಿ ಬರೆದೆ.

ಈ ಓದಿನ ಕೊನೆಯ ವರ್ಷ ಒಂದಷ್ಟು ವಾರ ಹಳ್ಳಿಯಲ್ಲೇ ಉಳಿಯಬೇಕು. ನಮ್ಮನ್ನು ಧಾರವಾಡದ ಹತ್ತಿರದ ಒಂದು ಊರಿಗೆ ಹಾಕಿದ್ದರು. ಮನೆ ಮನೆಗೆ ಹೋಗಿ ಮಕ್ಕಳ ತೂಕ, ಎತ್ತರ, ಊಟ, ಎಲ್ಲ ಬರೆದುಕೊಳ್ಳಬೇಕು. ನಾಲ್ಕು ವರ್ಷದ ಒಬ್ಬ ಹುಡುಗಿ ಅಂಗನವಾಡಿ ಪಟ್ಟಿಯಲ್ಲಿದ್ದಳು, ಆದರೆ ಬರುತ್ತಿದ್ದದ್ದು ಅಪರೂಪ. ಅವಳ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ತಾಯಿ ಸಿಗಲಿಲ್ಲ. ವರದಿಯಲ್ಲಿ ಬರೆದೆ: "ತಾಯಿಗೆ ಶಾಲಾಪೂರ್ವ ಶಿಕ್ಷಣದ ಬಗ್ಗೆ ಅರಿವಿನ ಕೊರತೆ."

ಹಿಂದಿನ ಬ್ಯಾಚುಗಳ ವರದಿಗಳಲ್ಲಿ ಈ ಸಾಲು ಎಷ್ಟು ಕಡೆ ಇತ್ತು ಅಂದರೆ, ಕೈ ತಾನಾಗಿಯೇ ಬರೆದುಬಿಟ್ಟಿತು. ಮೇಡಂ ಅದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಒಂದೇ ಪದ ಬರೆದಿದ್ದರು. "ಕಂಡದ್ದಾ?"

ನಾಚಿಕೆ ಆಯಿತು. ಆ ಹೆಂಗಸಿನ ಮುಖವನ್ನೇ ನಾನು ನೋಡಿರಲಿಲ್ಲ.

ರಾತ್ರಿ ಎಂಟಕ್ಕೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದರು. ಅರಿವು, ಶಿಕ್ಷಣ ಅಂತ ಏನೂ ಕೇಳಲಿಲ್ಲ. ನಿನ್ನೆಯ ದಿನ ಹೇಗೆ ಹೋಯಿತು, ಏಳುವಾಗಿನಿಂದ ಹೇಳ್ರಿ ಅಂದೆ. ಇದೂ ನಮ್ಮ ಓದಿನದೇ ಒಂದು ವಿಧಾನ, ದಿನದ ಹೊತ್ತನ್ನು ತಾಸು ತಾಸಾಗಿ ಬರೆದುಕೊಳ್ಳೋದು. ನಾಲ್ಕೂವರೆಗೆ ಎದ್ದು ನೀರು ತುಂಬಿದ್ದು. ಸಗಣಿ ಬಳಿದದ್ದು. ರೊಟ್ಟಿ, ಪಲ್ಯ. ಮಾವನಿಗೆ ಬಿಸಿನೀರು. ಎಂಟಕ್ಕೆ ಟೆಂಪೊ ಬರುತ್ತೆ, ಹತ್ತಿ ಬಿಡಿಸೋಕೆ ಬೇರೆ ಊರಿಗೆ. ಅಂಗನವಾಡಿ ಬಾಗಿಲು ತೆಗೆಯೋದು ಒಂಬತ್ತೂವರೆಗೆ. "ಟೆಂಪೊ ನಿಲ್ಲಂಗಿಲ್ರೀ ಅಕ್ಕಾರ. ಕೂಸಿನ ಯಾರ ಕೈಯಾಗ ಕೊಡ್ಲಿ?" ಮಗುವನ್ನು ಹೊಲಕ್ಕೇ ಕರೆದುಕೊಂಡು ಹೋಗುತ್ತಿದ್ದರು. ಗೋಡೆಗೆ ಒಂದು ಪಾಟಿ ನೇತು ಹಾಕಿತ್ತು. ಅದರ ಮೇಲೆ ಅ, ಆ ಬರೆದು ಕೊಟ್ಟವರು ಆಕೆಯೇ. ಏಳನೇ ಕ್ಲಾಸು ಓದಿದ್ದರು.

ಅರಿವು ಇತ್ತು. ಒಂದೂವರೆ ತಾಸು ಇರಲಿಲ್ಲ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಗಾಂಧಿ ಜಯಂತಿಯ ದಿನ. ದೇಶದಲ್ಲಿ ಮೊದಲು 33 ಕಡೆ. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪೂರಕ ಆಹಾರ, ಚುಚ್ಚುಮದ್ದು, ತಪಾಸಣೆ, ಶಾಲಾಪೂರ್ವ ಶಿಕ್ಷಣ, ಎಲ್ಲವೂ ಒಂದೇ ಸೂರಿನಡಿ. ಈ ಯೋಜನೆಯ ಮೇಲೆ ನನಗೆ ತುಂಬ ಗೌರವ ಇದೆ. ಅಜ್ಜಿಯ ಎರಡು ವರ್ಷದ ಮಗ ಬದುಕಿದ್ದ ಕಾಲಕ್ಕೆ ಇದು ಇರಲಿಲ್ಲ ಅಂತ ಎಷ್ಟೋ ಸಲ ಅನಿಸಿದೆ. ಆದರೆ ಕೂಲಿಗೆ ಹೋಗುವ ತಾಯಿಯ ಗಡಿಯಾರವನ್ನು ನೋಡಿ ಅದರ ಹೊತ್ತು ಇಟ್ಟಿಲ್ಲ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುತ್ತೇವೆ ಅಂದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ಆ ಪಾಟಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು.

ನನ್ನ ವಿಷಯದ ಬಗ್ಗೆ ನನಗಿರುವ ದೂರು ಇಲ್ಲೇ ಇದೆ. ನಾವು ಬಳಸಿದ ಪ್ರಶ್ನಾವಳಿಗಳಲ್ಲಿ ತಾಯಿಯ ಅರಿವು, ತಾಯಿಯ ನಡವಳಿಕೆ, ತಾಯಿಯ ಓದು ಅಂತ ಪುಟಗಟ್ಟಲೆ ಪ್ರಶ್ನೆಗಳು. ತಂದೆಗೆ ಎರಡೇ ಸಾಲು. ಉದ್ಯೋಗ, ಆದಾಯ. ಆ ಊರಿನಲ್ಲಿ ಸಂಜೆ ಹೊತ್ತು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕಟ್ಟೆಗೆ ಬರುವ ಅಪ್ಪಂದಿರನ್ನು ಎಷ್ಟೋ ಜನರನ್ನು ನೋಡಿದೆ. ಅವರನ್ನು ಬರೆದುಕೊಳ್ಳೋಕೆ ನನ್ನ ಹಾಳೆಯಲ್ಲಿ ಜಾಗ ಇರಲಿಲ್ಲ. ಕೇಳದೆ ಇದ್ದದ್ದು ದಾಖಲೆಯಲ್ಲಿ ಇರೋದಿಲ್ಲ. ದಾಖಲೆಯಲ್ಲಿ ಇಲ್ಲದ್ದು ಯೋಜನೆಯಲ್ಲೂ ಇರೋದಿಲ್ಲ.

ಓದು ಮುಗಿದ ಮೇಲೆ ಮಕ್ಕಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ಸೇರಿದೆ. ಅಲ್ಲಿಯ ಒಂದು ಮಗುವಿನ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹತ್ತು ವರ್ಷದ ಹುಡುಗ, ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬನೇ ಸಿಕ್ಕಿದ್ದ. ಇಂಥ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡಬೇಕು. ಅವರ ಮನೆಯ ಬಗ್ಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿಯಾಗಬೇಕು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ನನ್ನ ಕೈಗೆ ಬಂದ ಫೈಲಿನಲ್ಲಿ ಆಗಲೇ ಒಂದು ವರದಿ ಇತ್ತು. ಕುಟುಂಬದ ಹಿನ್ನೆಲೆ ಅನ್ನುವ ಕಡೆ ನಾಲ್ಕು ಪದ. "ತಂದೆ ಕುಡುಕ, ತಾಯಿ ನಿರ್ಲಕ್ಷ್ಯ." ಸಂಬಂಧಿಕರು ಅನ್ನುವ ಕಡೆ "ಯಾರೂ ಇಲ್ಲ." ಹುಡುಗನನ್ನು ಕೇಳಿಯೇ ಬರೆದದ್ದಂತೆ. ನಿನಗೆ ಸಂಬಂಧಿಕರು ಯಾರಿದ್ದಾರೆ ಅಂತ ಕೇಳಿದ್ದಾರೆ, ಅವನು ಯಾರೂ ಇಲ್ಲ ಅಂದಿದ್ದಾನೆ.

ಹತ್ತು ವರ್ಷದ ಮಗುವಿಗೆ ಸಂಬಂಧಿಕರು ಅಂದರೆ ಏನು ಗೊತ್ತಾಗಬೇಕು? ಅದು ಫಾರ್ಮಿನ ಪದ. ನಾನು ಅವನ ಜೊತೆ ಕೇರಂ ಆಡುತ್ತಾ ಕೂತೆ. ಮೂರನೇ ದಿನ ಮಾತು ಹಬ್ಬದ ಕಡೆ ಹೋಯಿತು. ಪಂಚಮಿಗೆ ಜೋಕಾಲಿ ಎಲ್ಲಿ ಕಟ್ಟುತ್ತಿದ್ದರು, ಯಾವ ಉಂಡಿ ಇಷ್ಟ ಅಂತ ಕೇಳಿದೆ. ಆಮೇಲೆ ಕೇಳಿದೆ: "ಪಂಚಮಿಗೆ ನಿಮ್ಮ ಮನಿಗೆ ಯಾರು ಬರ್ತಿದ್ರು?"

"ಅತ್ತಿ."

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಪ್ಪನ ತಂಗಿ ಅಣ್ಣನ ಮನೆಗೆ ಬರುತ್ತಿದ್ದರು. ಎಲ್ಲಿಂದ ಬರ್ತಿದ್ರು ಅಂದೆ. ಯಾವ ಬಸ್ಸು, ಇಳಿದ ಮೇಲೆ ಏನು ಕಾಣುತ್ತೆ, ಮನೆ ಹತ್ತಿರ ಗಿರಣಿ ಇದೆಯಾ ಗುಡಿ ಇದೆಯಾ, ಎಲ್ಲ ಹೇಳಿದ. ಎರಡು ವಾರದಲ್ಲಿ ಆ ಅತ್ತೆ ಸಿಕ್ಕರು. ಹುಡುಗ ಕಾಣೆಯಾಗಿದ್ದಾನೆ ಅಂತ ಗೊತ್ತಾದಾಗಿನಿಂದ ಅವರೂ ಹುಡುಕುತ್ತಿದ್ದರಂತೆ. ಅವನ ತಾಯಿ ಆರು ತಿಂಗಳಿಂದ ಟಿಬಿಯಿಂದ ಹಾಸಿಗೆ ಹಿಡಿದಿದ್ದರು ಅಂತ ತಿಳಿದದ್ದೂ ಅವರಿಂದಲೇ. ಫೈಲಿನಲ್ಲಿದ್ದ "ನಿರ್ಲಕ್ಷ್ಯ" ಅದು.

ಪಂಚಮಿಗೆ ಯಾರು ಬರ್ತಿದ್ರು ಅನ್ನುವ ಪ್ರಶ್ನೆ ನಮ್ಮ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಜೋಡಿ ಗೆರೆ ಎಳೆಯುತ್ತಾ ಅತ್ತೆ, ಮಾವ ಅಂತ ತಲೆ ಕೆಡಿಸಿಕೊಳ್ಳದೆ ಇದ್ದಿದ್ದರೆ ನನಗೂ ಅದು ಹೊಳೆಯುತ್ತಿತ್ತಾ? ಗೊತ್ತಿಲ್ಲ. ಇದನ್ನು ಬಲಗಡೆ ಬರೆಯಬೇಕು, ಅಲ್ವಾ.

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಆ ಹಳೆಯ ಜೀನೋಗ್ರಾಮ್ ಹಾಳೆ ತೆಗೆದುಕೊಂಡು ಹೋದೆ. ಅಜ್ಜಿಗೆ ಓದೋಕೆ ಬರೋದಿಲ್ಲ. ಪಡಸಾಲೆಯಲ್ಲಿ ಕೂತು, ಇದು ನೀನು, ಇದು ಅಜ್ಜ, ಇದು ದೊಡ್ಡಮ್ಮ ಅಂತ ತೋರಿಸಿದೆ. ಚೌಕ ಗಂಡು, ವೃತ್ತ ಹೆಣ್ಣು ಅಂತ ಒಂದು ಸಲ ಹೇಳಿದ್ದಕ್ಕೆ ಉಳಿದದ್ದನ್ನು ತಾನೇ ಬೆರಳಿಟ್ಟು ಗುರುತು ಹಿಡಿಯುತ್ತಾ ಹೋದಳು. ತಮ್ಮನ ಓರೆಗೆರೆಯನ್ನೂ ಹಿಡಿದಳು. ಹೆಸರಿಲ್ಲದ ಸಣ್ಣ ವೃತ್ತದ ಹತ್ತಿರ ಬೆರಳು ನಿಂತಿತು. ಅದು ಎರಡನೇ ಜಾಗದಲ್ಲಿತ್ತು, ದೊಡ್ಡಮ್ಮನ ಪಕ್ಕ. ಫೋನಿನಲ್ಲಿ ನಾನು ಹಾಗೆ ಅಂದುಕೊಂಡಿದ್ದೆ.

"ಇದು ಇಲ್ಲಿ ಅಲ್ಲ," ಅಂದಳು. "ನಿಮ್ಮ ದೊಡ್ಡಮಾವನ ಹಿಂದ ಹುಟ್ಟಿದ್ದು."

ರಬ್ಬರ್ ಹುಡುಕಿ ತಂದೆ. ಆ ವೃತ್ತ ಅಳಿಸಿ, ದೊಡ್ಡಮಾವನ ಚೌಕವನ್ನು ಈಚೆಗೆ ತಂದು, ಅದರ ಆಚೆ ಮತ್ತೆ ಬರೆದೆ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು, ನಾನು ಗೆರೆ ಎಳೆದು ಮುಗಿಸುವವರೆಗೂ ಹಾಳೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.